ಥೂತಿಪ್ಪನ ಹೊಂಡ

ಬನ್ನಿ, ಕಾಲು ಚಾಚಿ ಕೂತ್ಕೊಳ್ಳಿ. ಮೂಗು ಮುಚ್ಚಿಕೊಂಡು ಕೇಳಬೇಕಾದ ಕಥೆ ಇದು. ಕರೇಕಲ್ಲಹಳ್ಳಿಯ ಹಳೇ ಕೋಟೆಬಾಗಿಲ ಪಕ್ಕ ಮೆಟ್ಟಿಲಿಳಿದು ಹೋಗುವ ಒಂದು ಹೊಂಡವಿದೆ. ತಳದ ಕಲ್ಲು ಕಾಣುವಷ್ಟು ತಿಳಿನೀರು. ಆದರೂ ಕೊಡ ಮುಳುಗಿಸುವ ಹೆಂಗಸರು ಮೊದಲು ಮುಖ ಸಿಂಡರಿಸಿ "ಥೂ ತಿಪ್ಪ!" ಎನ್ನುತ್ತಾರೆ. ಪರಊರಿನವರು ಕೇಳಿ ಬೆಚ್ಚುತ್ತಾರೆ.

ಹಿಂದೆ ಒಮ್ಮೆ ಈ ಊರಲ್ಲಿ ಸಣ್ಣೀರಮ್ಮ ಎಂಬವಳಿದ್ದಳು. ಹೆತ್ತ ಕೂಸುಗಳೆಲ್ಲ ತೊಟ್ಟಿಲಲ್ಲೇ ಕಣ್ಣು ಮುಚ್ಚಿದ್ದವು. ಕೊನೆಯದನ್ನು ಹುಟ್ಟಿದ ಕೂಡಲೇ ಸಗಣಿ, ಕಸ, ಕೊಳೆತ ಹುಲ್ಲಿನ ತಿಪ್ಪೆಯ ಮೇಲೆ ಉರುಳಿಸಿ ತಿಪ್ಪ ಎಂದು ಕರೆದಳು. ಅಂಥ ಹೆಸರಿನ ಕೂಸನ್ನು ಸಾವೂ ಹೇಸಿಕೊಂಡು ಮುಟ್ಟದು ಎಂಬುದು ಆ ಸೀಮೆಯ ನಂಬಿಕೆ. ಊರವರು ಮೂಗು ಮುರಿದು "ತಿಪ್ಯಾ" ಎಂದಷ್ಟೂ ಅವಳಿಗೆ ನೆಮ್ಮದಿ. ಯಾರಾದರೂ ನಯವಾಗಿ "ತಿಪ್ಪಣ್ಣಾ" ಎಂದು ಎಳೆದರೆ ಎದೆ ಧಸಕ್ಕೆನ್ನುತ್ತಿತ್ತು.

ಮಗ ಆಳೆತ್ತರ ಬೆಳೆದ ಮೇಲೆ ಒಂದು ಬೇಸಿಗೆ ಹೊಂಡಕ್ಕೆ ಎಮ್ಮೆ ಬಿದ್ದು ಸತ್ತು ಊದಿಕೊಂಡಿತು. ನೀರ ಮೇಲೆ ಹಳದಿ ನೊರೆ, ನೊರೆಯ ತುಂಬ ಹುಳ. ನಾತಕ್ಕೆ ಉಂಡದ್ದೆಲ್ಲ ಗಂಟಲಿಗೆ ಬರುತ್ತಿತ್ತು. ಯಾರೂ ಇಳಿಯಲಿಲ್ಲ, ತಿಪ್ಪ ಇಳಿದ. ಮುಟ್ಟಿದಲ್ಲಿ ಕಿತ್ತುಬರುವ ಮಾಂಸವನ್ನು ಬುಟ್ಟಿಬುಟ್ಟಿ ಹೊತ್ತು ಹೊರಹಾಕಿ, ಕೊಳೆನೀರು ಚೆಲ್ಲಿ, ಕೆಸರು ಬಳಿದು ಹೊಸ ಒರತೆ ಬಿಡಿಸಿದ.

ಊರಗೌಡ ಬೊಮ್ಮಗೌಡ ಶಾಲು ಹೊದಿಸಿದ. "ಕುಡಿಯೋ ನೀರು ಕೊಟ್ಟವನನ್ನ ತಿಪ್ಪ ಅನ್ನೋಕೆ ನಮಗೇ ಅಸಹ್ಯ ಆಗ್ತದೆ. ಇವತ್ತಿಂದ ನೀನು ಅಮೃತರಾಯ ಕಣಪ್ಪ" ಎಂದ. ಊರೆಲ್ಲ ಹಾಡಿ ಹೊಗಳಿತು. ಸಂಜೆಗೆ ತಿಪ್ಪನಿಗೆ ವಾಂತಿ ಹತ್ತಿತು, ಮೈ ಕೆಂಡವಾಯಿತು.

ಸಣ್ಣೀರಮ್ಮ ಶಾಲನ್ನು ತಿಪ್ಪೆಗೆಸೆದು ಬೀದಿಗೆ ಬಂದಳು. "ನಿಮ್ಮ ಬಾಯಿಗೆ ಮಣ್ಣು ಹಾಕ! ಹೊಗಳಿ ಹೊಗಳಿ ಯಮನಿಗೆ ದಾರಿ ತೋರಿಸಿದ್ರಲ್ಲೋ! ಬೈಯ್ರಪ್ಪಾ, ನನ್ನ ಮಗನ್ನ ಬೈದು ಉಳಿಸ್ಕೊಡ್ರಪ್ಪಾ!"

ಉಪಕಾರ ಮಾಡಿದವನನ್ನು ಉಗಿಯಲು ಯಾರಿಗೂ ನಾಲಗೆ ಏಳಲಿಲ್ಲ. ಕೊನೆಗೆ ಪಕ್ಕದ ಮನೆಯ ಮುದುಕಿ ಗಿಡ್ಡೋಬವ್ವ ಅಳುತ್ತಲೇ, "ಥೂ, ಹೊಲಸು ತಿಪ್ಯಾ, ಎಮ್ಮೆ ನಾತದವನೇ!" ಎಂದಳು. ಆಮೇಲೆ ಊರೇ ತಿಪ್ಪನ ಬಾಗಿಲಲ್ಲಿ ನಿಂತು ಬೈಯಿತು. ಗೌಡ ತಲೆ ತಗ್ಗಿಸಿ ಮೆಲ್ಲಗೆ "ಥೂ ತಿಪ್ಪ" ಎಂದ.

ಒಳಗಿನಿಂದ ಸೋತ ದನಿ ಬಂತು: "ಜೋರಾಗಿ ಅನ್ನಿ ಗೌಡ್ರೇ, ಯಮನಿಗೆ ಕೇಳಿಸ್ಲಿಲ್ಲ."

ಈಗಲೂ ಹೊಂಡದ ಮೊದಲ ಮೆಟ್ಟಿಲ ಮೇಲೆ ಎಳೆಕೂಸುಗಳನ್ನು ಮಲಗಿಸಿ, ಕೆನ್ನೆಗೆ ಚೂರು ಸಗಣಿ ಹಚ್ಚಿ, ಹೆತ್ತವರು ಥೂ ಎನ್ನುವುದನ್ನು ಅಲ್ಲಿಗೆ ಹೋದವರು ಕಾಣಬಹುದು. ಶಾಲನ್ನು ಗೆದ್ದಲು ತಿಂದಿತು. ಗೌಡ ತನ್ನ ಮೊಮ್ಮಗನಿಗೆ ತಿಪ್ಪೇಶ ಎಂದು ಹೆಸರಿಟ್ಟ. ಆ ಮನೆಯ ಗಂಡುಮಕ್ಕಳೆಲ್ಲ ಇಂದಿಗೂ ತಿಪ್ಪೇಸ್ವಾಮಿ, ತಿಪ್ಪೇರುದ್ರ. ಗಿಡ್ಡೋಬವ್ವ ಸಾಯುವ ತನಕ ದಿನಾ ಬೆಳಗ್ಗೆ ತಿಪ್ಪನನ್ನು ಉಗಿದೇ ಬಾಯಿ ತೊಳೆಯುತ್ತಿದ್ದಳಂತೆ. ತಿಪ್ಪ ಹಲ್ಲೆಲ್ಲ ಉದುರುವವರೆಗೆ ಬಾಳಿದ. ಸಣ್ಣೀರಮ್ಮ ಮಾತ್ರ ಅದಕ್ಕೂ ಎಷ್ಟೋ ಮೊದಲೇ, ಆ ಮಗನ ತೊಡೆಯ ಮೇಲೆ ತಲೆಯಿಟ್ಟು, "ಥೂ, ನಾರ್ತೀಯ ಕಣೋ" ಎನ್ನುತ್ತಲೇ ಕಣ್ಣು ಮುಚ್ಚಿದಳು.