ಪಾದವಿದ್ದ ಅಕ್ಷರಗಳು

ಇಂಗ್ಲಿಷ್ ಅಕ್ಷರದ ಬುಡದಲ್ಲಿ ಸಣ್ಣದೊಂದು ಅಡ್ಡಗೆರೆ ಇರುತ್ತದಲ್ಲ, ಅದಕ್ಕೆ ಸೆರಾಪೋ ಸೆರಿಫೋ ಏನೋ ಅನ್ನುತ್ತಿದ್ದರು ನಮ್ಮ ಗದಗಿನ ಅಚ್ಚುಕೂಟದವರು. ಇಲ್ಲಿ ನಾಗಪುರದಲ್ಲಿ ಯಾರನ್ನು ಕೇಳಲಿ? ಪಾದ ಅಂದುಕೊಳ್ಳೋಣ.

ಒಂದು ಅಚ್ಚುಕೂಟದಲ್ಲಿ ಪಾದವಿದ್ದ ಅಚ್ಚುಮೊಳೆಗಳೂ ಪಾದವಿಲ್ಲದವೂ ಇದ್ದವು. ಒಮ್ಮೆ ದಪ್ಪನೆಯ ಇಂಗ್ಲಿಷ್ ಕಥೆಪುಸ್ತಕವೊಂದು ಅಚ್ಚಿಗೆ ಬಂತು. "ಗೆದ್ದವರು ಪುಸ್ತಕಕ್ಕೆ, ಸೋತವರು ಕುಲುಮೆಗೆ," ಎಂದ ಯಜಮಾನ, ಒಂದೇ ಪುಟವನ್ನು ಎರಡರಲ್ಲೂ ಅಚ್ಚು ಹಾಕಿ ಇಂಗ್ಲಿಷ್ ಮೇಷ್ಟರನ್ನು ಕರೆಸಿದ.

"ಮನೆಯೊಳಗೂ ಚಪ್ಪಲಿ ಬಿಡುವುದಿಲ್ಲವಲ್ಲ ನೀವು," ಎಂದು ಪಾದವಿಲ್ಲದವು ಛೇಡಿಸಿದವು.

"ಪುಟಗಟ್ಟಲೆ ನಡೆಯಬೇಕಲ್ಲ, ತಮ್ಮಾ," ಎಂದವು ಪಾದದವು.

ಪಾದವಿಲ್ಲದವುಗಳ ಪುಟ ನೋಡಿ ಮೇಷ್ಟರು, "ಆಹಾ, ಎಂಥ ಠೀವಿಯ ಅಕ್ಷರ," ಎಂದು ಹೊಗಳಿ ಅರ್ಧಕ್ಕೇ ಕೆಳಗಿಟ್ಟರು. ಇನ್ನೊಂದನ್ನು ಓದುತ್ತ ಚಹಾ ಕುಡಿಯುವುದನ್ನೇ ಮರೆತರು. ಕಣ್ಣೊರೆಸಿಕೊಂಡು, "ಆ ಹುಡುಗಿ ಬದುಕುತ್ತಾಳೇನ್ರೀ? ಮುಂದಿನ ಪುಟ ಕೊಡ್ರಿ," ಎಂದರು.

"ನಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ. ಇನ್ನು ಕುಲುಮೆಯೇ ಗತಿ," ಎಂದು ಪಾದದವು ಮುಖ ಸಣ್ಣದು ಮಾಡಿಕೊಂಡವು.

ಯಜಮಾನ ಅವನ್ನೇ ಪುಸ್ತಕಕ್ಕೆ ಜೋಡಿಸಿದ. ಪಾದವಿಲ್ಲದವನ್ನು ಕರಗಿಸಲು ಮನಸ್ಸಾಗದೆ ಸಿನಿಮಾ ಜಾಹೀರಾತಿಗೆ ಇಟ್ಟುಕೊಂಡ.

ಮೊಮ್ಮಗಳೇ, ಇದನ್ನು ಬರೆದಿಡವ್ವ. ಓದಿದವರು ಕಥೆ ಬಿಟ್ಟು ನಿನ್ನ ಅಕ್ಷರವನ್ನು ಹೊಗಳಿದರೆ ಮಾತ್ರ ಇನ್ನೊಮ್ಮೆ ಬರೆಯಬೇಕಾದೀತು.