ಬರುವವಳ ಗದ್ದೆ

"ಗುರುಗಳೇ, ಒಬ್ಬರನ್ನು ನೋಡಲು ಹೊರಡುವ ಮೊದಲು ಮನಸ್ಸು ಎಷ್ಟರ ಮಟ್ಟಿಗೆ ಸಿದ್ಧವಾಗಿರಬೇಕು?" ಎಂದು ಶಿಷ್ಯ ಕೇಳಿದ.

ಗುರುಗಳು ಬಿಸಿಲಿನಲ್ಲಿ ಕೂತು ಹುರುಳಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. "ಯಾರನ್ನು ನೋಡಲು?"

"ನನ್ನ ಅಕ್ಕನನ್ನು. ಸಾಕಿದವಳು ಅವಳೇ. ಜಗಳವಾಡಿಕೊಂಡು ಬಂದುಬಿಟ್ಟೆ. ಈಗ ಕೋಪ ಬಹುಪಾಲು ಹೋಗಿದೆ, ಚೂರು ಉಳಿದಿದೆ. ಅದೂ ಹೋಗಲಿ, ಆಮೇಲೆ ಹೋಗೋಣ ಎಂದು..."

"ಅವಳಿಗೆ ಏನು ಹೇಳಿ ಕಳಿಸಿದ್ದೀಯ?"

"ಬರುತ್ತೇನೆ ಎಂದು. ಆ ಕಡೆ ಹೋಗುವವರು ಸಿಕ್ಕಾಗಲೆಲ್ಲ ಹೇಳಿ ಕಳಿಸುತ್ತೇನೆ."

ಗುರುಗಳು ಮೊರವನ್ನು ಪಕ್ಕಕ್ಕಿಟ್ಟು ಈ ಕತೆ ಹೇಳಿದರು.

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ನೇಯ್ಗೆಯವಳು ಇದ್ದಳು. ಗಂಡ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಮನೆಯಲ್ಲಿ ಒಂದು ಮಗ್ಗ, ಒಂದು ಒಲೆ, ಅವಳು. ಒಬ್ಬಳಿಗೆಂದು ಅಕ್ಕಿ ಹಾಕುವ ಅಳತೆ ಮಾತ್ರ ಅವಳಿಗೆ ಎಷ್ಟು ವರ್ಷವಾದರೂ ಕೈಗೆ ಹತ್ತಲಿಲ್ಲ. ನೇಯ್ಗೆಗಿಂತ ಅದು ಕಷ್ಟದ ವಿದ್ಯೆ. ದಿನವೂ ಒಂದು ಹಿಡಿ ಅನ್ನ ಮಿಗುತ್ತಿತ್ತು. ಅದನ್ನು ಕಾಗೆಗೆ ಹಾಕುತ್ತಿದ್ದಳು. ಕಾಗೆಯೊಡನೆ ಎರಡು ಮಾತನ್ನೂ ಆಡುತ್ತಿದ್ದಳು.

ಅವಳಿಗೆ ಇದ್ದವಳು ಒಬ್ಬಳೇ ಗೆಳತಿ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಮನೆಯಲ್ಲಿ ನೂಲು ಸುತ್ತಿದವರು. ಆ ಗೆಳತಿಯನ್ನು ದೂರದ ಬೆಟ್ಟದ ಊರಿಗೆ ಕೊಟ್ಟಿದ್ದರು. ಐದು ದಿನದ ಕಾಲುಹಾದಿ. ಅಲ್ಲಿ ಬಯಲೇ ಇಲ್ಲ. ಬೆಟ್ಟದ ಮೈಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಒಂದೊಂದು ಮೆಟ್ಟಿಲಿಗೂ ಬದು ಕಟ್ಟಿ, ನೀರು ನಿಲ್ಲಿಸಿ, ಭತ್ತ ಬೆಳೆಯುತ್ತಾರೆ. ಆ ಊರಿಗೆ ಬಯಲಿನ ಸುದ್ದಿ ತಪ್ಪದೆ ಹೋಗುವುದು ವರ್ಷಕ್ಕೊಮ್ಮೆ, ಉಪ್ಪಿನ ಜೊತೆಗೆ. ಬೇಸಿಗೆ ಮುಗಿಯುವ ಹೊತ್ತಿಗೆ ಉಪ್ಪಿನ ವ್ಯಾಪಾರಿ ಎತ್ತುಗಳ ಮೇಲೆ ಹೇರಿಕೊಂಡು ಹತ್ತುತ್ತಾನೆ, ಮೊದಲ ಮಳೆಗೆ ಮುಂಚೆ ಇಳಿಯುತ್ತಾನೆ.

ಗಂಡ ಸತ್ತ ವರ್ಷ ಗೆಳತಿಯಿಂದ ಮಾತು ಬಂತು: "ನಾನೂ ಇಲ್ಲಿ ಒಬ್ಬಳೇ ಆಗಿದ್ದೇನೆ. ಒಂದು ನಾಟಿಗೆ ಬಂದು ಹೋಗು. ಮುಖ ನೋಡಬೇಕು."

ನೇಯ್ಗೆಯವಳು ಆ ಮಾತನ್ನು ವ್ಯಾಪಾರಿಯಿಂದ ಎರಡು ಸಲ ಹೇಳಿಸಿಕೊಂಡಳು. ಮುಂದಿನ ಬೇಸಿಗೆಗೆ ಅವನು ಹತ್ತುವಾಗ ಹೇಳಿ ಕಳಿಸಿದಳು: "ಈ ವರ್ಷ ಬರುತ್ತೇನೆ."

ಹೇಳಿದ್ದು ನಿಜವಾಗಿಯೇ ಹೇಳಿದ್ದು. ಆದರೆ ಅವಳು ನೇಯ್ಗೆಯವಳು. ಮಗ್ಗದ ಕೆಲಸಕ್ಕೆ ಒಂದು ಕ್ರಮವಿದೆ. ಉದ್ದದ ಎಳೆಗಳೆಲ್ಲ ಮೊದಲೇ ಲೆಕ್ಕ ಹಿಡಿದು ಹಾಸಬೇಕು. ಹಾಸಿನಲ್ಲಿ ಒಂದು ಎಳೆ ತಪ್ಪಿದರೆ ಸೀರೆಯ ಕಡೆಯ ಮೊಳದವರೆಗೂ ಅದು ತಪ್ಪೇ. ಅದಕ್ಕೇ ಹಾಸು ಪೂರ್ತಿಯಾಗುವ ತನಕ ಲಾಳಿಯನ್ನು ಮುಟ್ಟುವವರಲ್ಲ. ಪ್ರಯಾಣವೂ ಹಾಗೆಯೇ ಎಂದು ಅವಳು ತಿಳಿದಳು.

ಮೊದಲ ವರ್ಷ ದಾರಿ ವಿಚಾರಿಸಿದಳು. ದಾರಿಯುದ್ದಕ್ಕೂ ರಕ್ತ ಹೀರುವ ಇಂಬಳಗಳ ಕಾಟ ಎಂದರು. ಇಂಬಳಕ್ಕೆ ಸುಣ್ಣ ಮತ್ತು ಹೊಗೆಸೊಪ್ಪು ಬೇಕು ಎಂದು ಗೊತ್ತಾಗುವಷ್ಟರಲ್ಲಿ ನಾಟಿಯ ತಿಂಗಳು ಮುಗಿದಿತ್ತು. ಮರುವರ್ಷ ಸುಣ್ಣ, ಹೊಗೆಸೊಪ್ಪು ಎರಡನ್ನೂ ಕಟ್ಟಿಟ್ಟಳು. ಆಗ ಮೂರನೆಯ ದಿನದ ಹಳ್ಳಕ್ಕೆ ಸೇತುವೆಯಿಲ್ಲ ಎಂದು ತಿಳಿಯಿತು. ಅದನ್ನು ಎಲ್ಲಿ ದಾಟುವುದು, ಯಾವ ಬಂಡೆ ಗಟ್ಟಿ, ಯಾವುದು ಅಲುಗುತ್ತದೆ ಎಂದು ವಿಚಾರಿಸಲು ಎರಡು ವರ್ಷ ಹೋಯಿತು. ಗೆಳತಿಗೆ ಒಂದು ಸೀರೆ ನೇಯ್ದಳು. ಮುಗಿದ ಮೇಲೆ, ಅವಳ ಬಣ್ಣ ಈಗ ಹೇಗಿದೆಯೋ, ಬೆಟ್ಟದ ಬಿಸಿಲಿಗೆ ಕಪ್ಪಾಗಿದ್ದರೆ ಈ ಅಂಚು ಒಪ್ಪುತ್ತದೆಯೋ ಇಲ್ಲವೋ ಎಂದು ಅನುಮಾನ ಬಂತು. ಇನ್ನೊಂದು ನೇಯ್ದಳು.

ಒಂದು ಉದ್ದ ನೂಲು ತೆಗೆದುಕೊಂಡು ಹಾದಿಯ ಗುರುತಿಗೆ ಗಂಟು ಹಾಕುತ್ತ ಬಂದಳು. ತಂಗುವ ಜಾಗಕ್ಕೆ ದೊಡ್ಡ ಗಂಟು, ನೀರಿಗೆ ನೀಲಿ ಎಳೆ, ಕಡಿದಾದ ಏರಿಗೆ ಕೆಂಪು. ಬೆಟ್ಟದ ಕಡೆಯಿಂದ ಬಂದವರು ಯಾರೇ ಸಿಗಲಿ, ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟು ಕೇಳುತ್ತಿದ್ದಳು. ಒಂದು ಗಂಟು ಬಿಚ್ಚಿ ಎರಡು ಹಾಕುತ್ತಿದ್ದಳು.

ಹೀಗಾಗಿ ಬಯಲಿನಲ್ಲಿ ಆ ಹಾದಿಯನ್ನು ಅವಳಷ್ಟು ಬಲ್ಲವರೇ ಇಲ್ಲವಾದರು. ಜೇನುಮೇಣ ಕೊಳ್ಳುವವರು, ಹೆಣ್ಣು ನೋಡಲು ಹೋಗುವವರು, ಎಲ್ಲರೂ ಮೊದಲು ಅವಳ ಮನೆಗೆ ಬರತೊಡಗಿದರು. ಅವಳು ನೂಲು ಬಿಡಿಸಿ ಹೇಳುತ್ತಿದ್ದಳು. ಅವರು ಉಂಡು, ಮಲಗಿ, ಬೆಳಗಾದರೆ ಹೊರಡುತ್ತಿದ್ದರು. ತಿರುಗಿ ಬಂದು ಕೈಮುಗಿಯುತ್ತಿದ್ದರು.

"ಅಮ್ಮಾ, ನೀವು ಹೇಳಿದ ಹಾಗೇ ಇತ್ತು. ಒಂದು ಕಲ್ಲೂ ಆಚೀಚೆ ಇಲ್ಲ. ನೀವು ಎಷ್ಟು ಸಲ ಹೋಗಿದ್ದೀರಿ?"

"ಈ ವರ್ಷ ಹೋಗಬೇಕು" ಎನ್ನುತ್ತಿದ್ದಳು. ತಮಾಷೆ ಮಾಡುತ್ತಿದ್ದಾಳೆಂದು ಅವರು ನಗುತ್ತಿದ್ದರು. ಅವರು ಹೋದ ಮೇಲೆ ಚಾಪೆಗಳನ್ನು ಸುತ್ತಿಡುವಾಗ ಮನೆ ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿತ್ತು.

ಉಪ್ಪಿನ ವ್ಯಾಪಾರಿ ಮಾತ್ರ ಪ್ರತಿ ಬೇಸಿಗೆಗೂ ಕೆಣಕುತ್ತಿದ್ದ. "ಏನು ತಾಯಿ, ಈ ಸಲವೂ ಅದೇ ಮಾತು ಒಯ್ಯಲೇ? ಹೋದ ವರ್ಷದ್ದು ಇನ್ನೂ ಹೊಸದಾಗಿಯೇ ಇದೆ. ಬೇಕಿದ್ದರೆ ಅದನ್ನೇ ಕೊಟ್ಟುಬಿಡುತ್ತೇನೆ."

"ಬಾಯಿ ಮುಚ್ಚಿಕೊಂಡು ಒಯ್ಯಯ್ಯ. ಈ ಸಲ ಬರುವುದು ಖಂಡಿತ ಎಂದು ಹೇಳು."

ಅವನು ಒಯ್ಯುತ್ತಿದ್ದ. ಅವಳಿಗೂ ಆ ಮಾತು ಹೋಯಿತೆಂದರೆ ಅರ್ಧ ದಾರಿ ನಡೆದಷ್ಟು ಸಮಾಧಾನವಾಗುತ್ತಿತ್ತು. ಹದಿನಾಲ್ಕು ವರ್ಷ ಹೀಗೆ ಕಳೆಯಿತು.

ಬಯಲಿನವರು ಬೆಟ್ಟ ಹತ್ತುವುದು ಕೊಯ್ಲು ಮುಗಿದ ಮೇಲೆ, ನೆಲ ಒಣಗಿದಾಗ. ಹದಿನಾಲ್ಕನೆಯ ವರ್ಷ ಒಬ್ಬ ನಾಟಿ ವೈದ್ಯ ಮಳೆಗಾಲದಲ್ಲೇ ಹತ್ತಿದ. ಅವನಿಗೆ ಬೇಕಾದ ಬೇರು ಮಳೆಯಲ್ಲಿ ಮಾತ್ರ ಸಿಗುವಂಥದ್ದು. ಇಳಿದು ಬಂದವನು ನೇಯ್ಗೆಯವಳ ಜಗಲಿಯಲ್ಲಿ ಕಾಲು ಚಾಚಿ ಕೂತ.

"ಎಲ್ಲ ನೀವು ಹೇಳಿದ ಹಾಗೆಯೇ ಇತ್ತಮ್ಮ. ಒಂದು ಮಾತ್ರ ಹೇಳಲು ಮರೆತಿದ್ದಿರಿ."

ಅವಳಿಗೆ ಚುರುಕ್ಕೆಂದಿತು. ಹಾಸಿನಲ್ಲಿ ಎಳೆ ತಪ್ಪಿದೆ ಎಂದು ಬೇರೆಯವರ ಬಾಯಿಂದ ಕೇಳಿದಂತಾಯಿತು. "ಏನದು?"

"ಬೆಟ್ಟವೆಲ್ಲ ಹಸಿರು. ನಾಟಿ ಮುಗಿದು ಆಗಲೇ ಗರಿ ಎದ್ದಿತ್ತು. ನಡುವೆ ಒಂದು ಮೆಟ್ಟಿಲು ಮಾತ್ರ ಬರೀ ನೀರು. ಒಂದು ಸಸಿಯಿಲ್ಲ. ಯಾರದಪ್ಪಾ ಇದು ಎಂದರೆ, ಬರುವವಳದು ಎಂದರು."

"ಹಾಗೆಂದರೆ?"

"ಅಲ್ಲಿಯ ಕಟ್ಟುಪಾಡು ಅದು. ನಾಟಿಗೆ ಬರುತ್ತೇನೆ ಎಂದು ಯಾರಾದರೂ ಹೇಳಿ ಕಳಿಸಿದರೆ ಅವರ ಪಾಲಿಗೆ ಒಂದು ಗದ್ದೆ ಬಿಡುತ್ತಾರೆ. ಹದ ಮಾಡಿ, ನೀರು ಕಟ್ಟಿ, ಅವರ ಕೈಗಾಗಿ ಕಾಯುತ್ತಾರೆ. ಬೇರೆಯವರು ಅದರಲ್ಲಿ ನೆಟ್ಟರೆ, ಬರುತ್ತೇನೆಂದವರು ದಾರಿಯಲ್ಲಿ ಸತ್ತರು ಎಂದು ಊರಿಗೆ ಸಾರಿದ ಹಾಗೆ. ಆಮೇಲೆ ತಿಥಿಯನ್ನೇ ಮಾಡಬೇಕಂತೆ. ಆ ಹೆಂಗಸಿಗೆ ಇರುವುದೇ ಮೂರು ಮೆಟ್ಟಿಲು. ನೆರೆಯವರು, ನೆಟ್ಟುಕೊಳ್ಳೇ, ಉಣ್ಣುವುದಕ್ಕಾದರೂ ಆಗಲಿ ಎಂದು ಬೈಯುತ್ತಾರಂತೆ. ಅವಳು ಒಪ್ಪುವುದಿಲ್ಲ. ಈ ವರ್ಷವೂ ಹೇಳಿ ಕಳಿಸಿದ್ದಾಳೆ, ಬದುಕಿರುವವಳನ್ನು ನಾನು ಹೇಗೆ ಸಾಯಿಸಲಿ ಎನ್ನುತ್ತಾಳಂತೆ." ವೈದ್ಯ ನಕ್ಕ. "ಬೆಟ್ಟದವರ ಹುಚ್ಚು ನೋಡಿ. ಯಾರೋ ಬಾಯಿಮಾತಿಗೆ ಅಂದದ್ದನ್ನು ನೀರು ಕಟ್ಟಿ ನಿಲ್ಲಿಸಿಕೊಂಡಿದ್ದಾರೆ."

"ಎಷ್ಟು ವರ್ಷದಿಂದ?"

"ಹದಿನಾಲ್ಕು ಎಂದರು."

ಉಪ್ಪಿನ ವ್ಯಾಪಾರಿ ಹೋಗುವುದು ಬೇಸಿಗೆಯಲ್ಲಿ. ಆಗ ಎಲ್ಲ ಮೆಟ್ಟಿಲುಗಳೂ ಒಂದೇ ರೀತಿ ಖಾಲಿ. ಉಳಿದವರು ಹೋಗುವುದು ಕೊಯ್ಲಾದ ಮೇಲೆ. ಆಗಲೂ ಹಾಗೆಯೇ. ಅವಳ ಗಂಟಿನ ನೂಲಿನಲ್ಲಿ ಎಲ್ಲವೂ ಇತ್ತು, ಆ ಗದ್ದೆಯೊಂದಿರಲಿಲ್ಲ.

ನೇಯ್ಗೆಯವಳು ಎದ್ದಳು. ವೈದ್ಯ ಮಜ್ಜಿಗೆ ಬರುತ್ತದೆ ಎಂದುಕೊಂಡ. ಅವಳು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಇಳಿದಳು, ಬೀದಿಗೆ ಇಳಿದಳು. ಸುಣ್ಣ, ಹೊಗೆಸೊಪ್ಪು, ಎರಡು ಸೀರೆ, ಗಂಟಿನ ನೂಲು, ಎಲ್ಲವೂ ಅವುಗಳ ಜಾಗದಲ್ಲೇ ಉಳಿದವು.

ದಾರಿಯಲ್ಲಿ ಇಂಬಳ ಕಚ್ಚಿದವು. ಕಿತ್ತೆಸೆದಳು. ಹಳ್ಳದಲ್ಲಿ ಅಲುಗುವ ಬಂಡೆಯ ಮೇಲೆಯೇ ಕಾಲಿಟ್ಟಳು, ಬಿದ್ದಳು, ಎದ್ದಳು. ಇಷ್ಟೇ ಆದದ್ದು. ಐದು ದಿನ ಎಂದು ಲೋಕಕ್ಕೆಲ್ಲ ಹೇಳಿದ ಹಾದಿ ನಾಲ್ಕೇ ದಿನಕ್ಕೆ ಮುಗಿಯಿತು. ಅದಕ್ಕೆ ಅವಳಿಗೆ ಸಂತೋಷವಾಗಲಿಲ್ಲ, ನಾಚಿಕೆಯಾಯಿತು.

ಐದನೆಯ ಬೆಳಗ್ಗೆ ಬೆಟ್ಟ ಎದುರಿಗಿತ್ತು. ಮೇಲಿನಿಂದ ಕೆಳಗಿನವರೆಗೆ ಹಸಿರು. ನಡುವೆ ಒಂದು ಮೆಟ್ಟಿಲಿನಲ್ಲಿ ಮೋಡ ಕಾಣುತ್ತಿತ್ತು. ಅವಳು ಬದುವಿನ ಮೇಲೆ ನಡೆದು ಅಲ್ಲಿಗೆ ಹೋದಳು. ಕೆಸರಿಗೆ ಕಾಲಿಡಬೇಕು, ಅಷ್ಟರಲ್ಲಿ ಮೇಲಿನಿಂದ ಕೂಗು ಕೇಳಿತು.

"ಏ ಯಾರದು? ಅಲ್ಲಿ ಇಳಿಯಬೇಡಿ! ಅದು ಬೇರೆಯವರದ್ದು!"

ಒಬ್ಬ ಹೆಂಗಸು ಬದುವಿನಿಂದ ಬದುವಿಗೆ ಇಳಿದು ಬಂದಳು. ತಲೆ ನರೆತಿತ್ತು. ಬಳೆ ಮೊಣಕೈವರೆಗೆ ಜಾರುತ್ತಿತ್ತು. ನೇಯ್ಗೆಯವಳಿಗೆ ನಡಿಗೆಯಿಂದಲೇ ಗುರುತು ಸಿಕ್ಕಿತು. ಗೆಳತಿಗೆ ಇವಳ ಗುರುತು ಸಿಗಲಿಲ್ಲ.

"ಬೈದೆ ಎಂದು ಬೇಜಾರು ಮಾಡಿಕೊಳ್ಳಬೇಡಿ. ಹೊಸಬರಿಗೆ ಗೊತ್ತಾಗುವುದಿಲ್ಲ. ಬಯಲಿನವರೇ? ಹಾಗಾದರೆ ನೇಯ್ಗೆಯವಳ ಮನೆಯ ಮೇಲೆಯೇ ಬಂದಿರಬೇಕು. ಹೇಗಿದ್ದಾಳೆ?"

ನೇಯ್ಗೆಯವಳು, "ಚೆನ್ನಾಗಿದ್ದಾಳೆ" ಎಂದಳು.

"ಏನು ಮಾಡುತ್ತಿದ್ದಾಳೆ?"

"ಹೊರಡಲು ಸಿದ್ಧವಾಗುತ್ತಿದ್ದಾಳೆ."

ಗೆಳತಿಯ ಮುಖ ಅರಳಿತು. "ನೋಡಿ, ನಾನು ಊರಿಗೆಲ್ಲ ಹೇಳುತ್ತಿದ್ದೆನಲ್ಲ! ಮೊದಲಿನಿಂದಲೂ ಅವಳು ಹಾಗೆಯೇ. ಎಲ್ಲ ನೆಟ್ಟಗಾಗದೆ ಕೈ ಹಾಕುವವಳಲ್ಲ. ಬನ್ನಿ, ಬನ್ನಿ, ನೆನೆದಿದ್ದೀರಿ."

ಮನೆಗೆ ಕರೆದುಕೊಂಡು ಹೋದಳು. ಒಲೆಯ ಮೇಲಿನ ಮಡಕೆಯನ್ನು ಓರೆ ಮಾಡಿ, ಸೌಟಿನಿಂದ ತಳ ಕೆರೆದು, ಬಟ್ಟಲಿಗೆ ಗಂಜಿ ಬಡಿಸಿದಳು. ಬಟ್ಟಲು ಅರ್ಧ ತುಂಬಿತು. ಮಡಕೆಯನ್ನು ಬೋರಲು ಹಾಕಿದಳು.

"ನಿಮಗೆ?" ಎಂದಳು ನೇಯ್ಗೆಯವಳು.

"ನನ್ನದು ಆಗಲೇ ಆಯಿತು. ನೀವು ಕುಡಿಯಿರಿ. ತಣ್ಣಗಾದರೆ ರುಚಿಯಿಲ್ಲ."

ನೇಯ್ಗೆಯವಳು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಕುಡಿಯಲಾಗಲಿಲ್ಲ, ಇಡಲಾಗಲಿಲ್ಲ. ಕೊನೆಗೆ ಹೇಳಿದಳು: "ನಾನೇ ಕಣೆ ಅವಳು."

ಗೆಳತಿ ತುಂಬ ಹೊತ್ತು ನೋಡಿದಳು. ಹತ್ತಿರ ಬಂದು ಅವಳ ಬಲಗೈ ಹಿಡಿದು, ನೂಲು ಹಾದು ಹಾದು ಬೆರಳಿನ ಮೇಲೆ ಬಿದ್ದಿದ್ದ ಗೆರೆಯನ್ನು ಹೆಬ್ಬೆರಳಿನಿಂದ ಸವರಿದಳು. ಕೈ ಬಿಟ್ಟಳು. ಅಳಲಿಲ್ಲ. ಬೈಯಲಿಲ್ಲ. ಯಾಕೆ ತಡ ಎಂದೂ ಕೇಳಲಿಲ್ಲ.

"ಗಂಜಿ ಕುಡಿ" ಎಂದಳು. "ಆಮೇಲೆ ಹೋಗೋಣ. ಸಸಿಮಡಿಯ ಮೂಲೆಯಲ್ಲಿ ನಿನಗೆಂದು ಒಂದಿಷ್ಟು ಸಸಿ ಉಳಿಸಿದ್ದೇನೆ."

ಸಸಿಗಳು ಬಲಿತು ಗಂಟು ಬಿಟ್ಟಿದ್ದವು. ಅಷ್ಟು ಬಲಿತದ್ದನ್ನು ನೆಟ್ಟರೆ ಹುಲ್ಲಾಗುತ್ತದೆ, ತೆನೆಯಾಗುವುದಿಲ್ಲ. ಗೆಳತಿಗೆ ಅದು ಗೊತ್ತಿತ್ತು. ಹೇಳಲಿಲ್ಲ. ಬದುವಿನ ಮೇಲೆ ಕೂತು, ಹೀಗೆ ಹಿಡಿ, ಇಷ್ಟು ಆಳಕ್ಕೆ ಒತ್ತು, ಹಿಂದೆ ಹಿಂದೆ ಹೆಜ್ಜೆ ಹಾಕು ಎಂದು ಹೇಳಿಕೊಟ್ಟಳು. ನೇಯ್ಗೆಯವಳು ನೆಟ್ಟಳು. ಸಾಲು ಸೊಟ್ಟ ಬಂತು. ಸಂಜೆಯ ಹೊತ್ತಿಗೆ ನೀರಿನಲ್ಲಿದ್ದ ಮೋಡ ಕಾಣದಾಯಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು.

ಕತೆಯಲ್ಲಿ ತನಗೆ ಬೇಕಾದ ಭಾಗ ಬಂದಿಲ್ಲವೆಂದು ಶಿಷ್ಯನಿಗೆ ಅನ್ನಿಸಿತು.

"ಗುರುಗಳೇ, ಹದಿನಾಲ್ಕು ವರ್ಷ ಕಾಯಿಸಿದವಳ ಮೇಲೆ ಆ ಗೆಳತಿಯ ಮನಸ್ಸಿನಲ್ಲಿ ಚೂರೂ ಕೋಪ ಉಳಿದಿರಲಿಲ್ಲವೇ?"

"ಅವಳಿಗಿದ್ದದ್ದು ಕೋಪವಲ್ಲಪ್ಪ, ಹಸಿವು" ಎಂದರು ಗುರುಗಳು.