ಅರಗಿನ ಬೆರಳು

ಹೊಳೆದಂಡೆಯ ಗುರುಕುಲದಲ್ಲಿ ಕಾಳಾಚಾರ್ಯರು ಶಿಲ್ಪವಿದ್ಯೆ ಕಲಿಸುತ್ತಿದ್ದರು. ಶಿಷ್ಯ ಪ್ರಣವೇಶ ಎರಡು ವರ್ಷ ಕೂತು ಅನ್ನಪೂರ್ಣೆಯ ಮೂರ್ತಿ ಕಡೆದಿದ್ದ. ಅದನ್ನು ಕೊಂಡೊಯ್ಯಲು ಊರವರು ನಾಳೆ ಬರುವವರಿದ್ದರು.

ಗ್ರೀಸ್ ದೇಶದ ಹಳೆಯ ಶಿಲ್ಪಗಳು ಪಟ್ಟಣದ ಪ್ರದರ್ಶನಕ್ಕೆ ಬಂದಿವೆ, ನೋಡಿ ಬಾ ಎಂದು ಗುರುಗಳೇ ಅವನನ್ನು ಕಳಿಸಿದ್ದರು. ಸಂಜೆ ಮರಳಿದವನು ಕಾಲು ತೊಳೆದು ನಮಸ್ಕರಿಸಿದ.

"ಏನು ಕಂಡೆಯಪ್ಪ?"

"ಕಲ್ಲನ್ನು ಒದ್ದೆ ಬಟ್ಟೆ ಮಾಡಿದ್ದಾರೆ, ಗುರುಗಳೇ. ಸೆರಗಿನೊಳಗಿನ ಮಂಡಿ ಕಾಣುತ್ತದೆ. ಆದರೆ ಒಬ್ಬಳಿಗೆ ತಲೆಯಿಲ್ಲ, ಒಬ್ಬನಿಗೆ ತೋಳಿಲ್ಲ. ನಮ್ಮಲ್ಲಾದರೆ ಭಿನ್ನವಾಯಿತೆಂದು ಹೊಳೆಗೆ ಬಿಡುತ್ತಿದ್ದೆವು. ಅಲ್ಲಿ ಜನ ಉಸಿರು ಹಿಡಿದು ನೋಡುತ್ತಾರೆ."

"ನೋಡುವುದಕ್ಕೆ ತಾನೇ, ಪೂಜೆಗಲ್ಲವಲ್ಲ. ಮತ್ತೆ?"

"ಮಡಕೆಗಳು. ಕೆಂಪು ಮಣ್ಣಿನ ಮೇಲೆ ಕಪ್ಪು ಕುದುರೆಗಳು. ಒಡೆದ ಚೂರುಗಳನ್ನು ಜೋಡಿಸಿದ್ದಾರೆ. ಸಿಗದ ಚೂರಿನ ಜಾಗಕ್ಕೆ ಬರೀ ಮಣ್ಣು ಮೆತ್ತಿದ್ದಾರೆ. ಕುದುರೆಯ ಕಾಲು ಅರ್ಧಕ್ಕೇ ನಿಂತಿದೆ. ತೇಪೆ ಅಂತ ಮಗುವಿಗೂ ಗೊತ್ತಾಗುತ್ತದೆ. ಅವರು ಮುಚ್ಚಿಟ್ಟಿಲ್ಲ..."

ಅರ್ಧಕ್ಕೇ ನಿಲ್ಲಿಸಿ ಅವನು ತಾನು ಕಡೆದ ಮೂರ್ತಿಯತ್ತ ನೋಡಿದ.

"ಯಾಕೋ, ಕುದುರೆ ಗಂಟಲಲ್ಲಿ ಸಿಕ್ಕಿಕೊಂಡಿತೇ?"

ಪ್ರಣವೇಶ ಗುರುಗಳ ಕಾಲು ಹಿಡಿದ.

"ತಪ್ಪಾಯಿತು. ಉಳಿ ಜಾರಿ ಅನ್ನಪೂರ್ಣೆ ತಾಯಿಯ ಕಿರುಬೆರಳ ತುದಿ ಮುರಿಯಿತು. ಅರಗಿಗೆ ಕಲ್ಲಿನ ಪುಡಿ ಕಲಸಿ ಅಂಟಿಸಿದೆ. ಹೇಳಿದರೆ ಎರಡು ವರ್ಷದ ಕೆಲಸ ಹೊಳೆಪಾಲಾಗುತ್ತದೆಂದು ಬಾಯಿ ಬಿಡಲಿಲ್ಲ."

ಗುರುಗಳು ಒಲೆಯಿಂದ ಒಂದು ಕೆಂಡವನ್ನು ಇಕ್ಕಳದಲ್ಲಿ ತಂದು ಮೂರ್ತಿಯ ಕೈಯ ಬಳಿ ಹಿಡಿದರು. ಅರಗು ಕರಗಿತು. ಬೆರಳ ತುದಿ ಅವರ ಅಂಗೈಗೆ ಬಿತ್ತು.

"ಎಂಟು ದಿನದಿಂದ ಅರಗಿನ ವಾಸನೆ. ಅರಗಿನ ಬಳೆ ಮಾಡುವವರು ಯಾರೂ ಬಂದಿಲ್ಲವಲ್ಲ ಅಂದುಕೊಂಡೆ."

"ಹೊಳೆಗೆ ಯಾವಾಗ ಬಿಡಲಿ, ಗುರುಗಳೇ?"

"ಕಣ್ಣು ತೆರೆಸಿದ್ದೀಯಾ?"

"ಇಲ್ಲ. ಅದು ನಾಳೆ, ಊರವರ ಮುಂದೆ."

"ಕಣ್ಣು ತೆರೆಸುವ ತನಕ ಅದು ಕಲ್ಲು. ಕಲ್ಲಿಗೆ ಭಿನ್ನವೆಲ್ಲಿಯದು? ಹೆದರಿಕೆಯಲ್ಲಿ ಅದನ್ನೂ ಮರೆತೆಯಾ? ಕೈಯನ್ನು ಎರಡು ನೂಲು, ಕಾಲು ಅಂಗುಲದಷ್ಟು, ಒಳಕ್ಕೆ ಕಡೆ; ಬೆರಳು ಹೊಸದಾಗಿ ಮೂಡುತ್ತದೆ. ಮೈಯನ್ನೂ ಆ ಅಳತೆಗೆ ಇಳಿಸು."

ಎಂಟು ದಿನಗಳಲ್ಲಿ ಮೊದಲ ಸಲ ಪ್ರಣವೇಶನಿಗೆ ಹಸಿವಾಯಿತು. ಆದರೂ ಒಂದು ಅಳುಕು ಉಳಿದಿತ್ತು.

"ನಾಳೆ ಊರವರಿಗೆ ಏನು ಹೇಳಲಿ?"

"ಉಳಿ ಜಾರಿತು ಅಂತಲೇ ಹೇಳು. ತಾಯಿ ಇನ್ನೆರಡು ತಿಂಗಳು ತವರಲ್ಲಿದ್ದು ಬರುತ್ತಾಳೆ ಅನ್ನು."